ಅರ್ಧ ಸವೆದ ಪಾದ

15 ಡಿಸೆಂಬರ್ 2025, ಸೋಮವಾರ. ಸಿಂಧನೂರು

ಪಂಪಾಪತಿ ಸರ್ ಇವತ್ತು ಕಾಲೇಜಿನಲ್ಲಿ ನನ್ನ ಹೆಸರು ಕರೆದರು. ಹಾಜರಿಗಲ್ಲ, ಕೆಲಸಕ್ಕೆ.

ಮಸ್ಕಿ ಕಡೆಯವರು ಯಾರಿದ್ದೀರಿ ಎಂದು ಕೇಳಿದಾಗ ನನ್ನ ಕೈ ನನ್ನನ್ನು ಕೇಳದೆಯೇ ಮೇಲೆದ್ದಿತ್ತು. ಪಕ್ಕದಲ್ಲಿದ್ದ ರೂಮ್‌ಮೇಟ್ ಸುಕನ್ಯಾ ತಿರುಗಿ ನೋಡಿದಳು. ನಾನು ಮಸ್ಕಿಯವಳು ಎನ್ನುವುದು ಅರ್ಧ ಮಾತ್ರ ನಿಜ. ಅಪ್ಪನ ಕೆಲಸ ಹಟ್ಟಿ ಗಣಿಯಲ್ಲಿ, ಮನೆ ಕಂಪನಿ ಕ್ವಾರ್ಟರ್ಸಿನಲ್ಲಿ, ನಾನು ಆರನೇ ಕ್ಲಾಸಿನಿಂದ ವಸತಿ ಶಾಲೆಯಲ್ಲಿ. ಮಸ್ಕಿಯಲ್ಲಿರುವುದು ಆಯಿ, ಅಪ್ಪನ ಅವ್ವ. ರಜೆಗೆ ಹೋಗಿ ಬರುವ ಊರು ನಮ್ಮೂರಾಗುತ್ತದೋ ಇಲ್ಲವೋ, ಯಾರನ್ನು ಕೇಳುವುದು?

ಸರ್ ಮಸ್ಕಿಯ ಪರಂಪರೆ ಸಮಿತಿಯ ಕಾರ್ಯದರ್ಶಿ. ಹಳೇ ಪೇಟೆಯ ಅಗಸಿ ಬಾಗಿಲನ್ನು ರಸ್ತೆ ಅಗಲ ಮಾಡಲು ಕೆಡವುತ್ತಾರಂತೆ. ಸಂರಕ್ಷಿತ ಕಟ್ಟಡವೆಂದು ಘೋಷಣೆಯಾದರೆ ಉಳಿಯುತ್ತದೆ. ಅದಕ್ಕೆ ಸರ್ವೆ ಆಗಬೇಕು. ಎಷ್ಟು ಹಳೆಯದು, ಯಾವ ಗಾರೆ, ಎಲ್ಲಿ ಸಿಮೆಂಟು ಮೆತ್ತಿದ್ದಾರೆ, ಜನ ಇವತ್ತಿಗೂ ಅದರೊಂದಿಗೆ ಯಾವ ಆಚರಣೆ ಇಟ್ಟುಕೊಂಡಿದ್ದಾರೆ. ಕೊನೆಯದಕ್ಕೆ ಸರ್ ‘ಲಿವಿಂಗ್ ಟ್ರೆಡಿಷನ್’ ಎಂದರು. ಅದೊಂದಿದ್ದರೆ ಅರ್ಜಿಗೆ ಬಲ ಬರುತ್ತದಂತೆ.

“ನಿನ್ನ ಇಂಗ್ಲಿಷ್ ಚಲೋ ಅದಲ್ಲ? ಅಗಸಿ ಮುಂದ ಹಾಕೂ ಬೋರ್ಡಿಗೆ ಎರಡೂ ಭಾಷಾ ಬೇಕು” ಎಂದರು.

ನನ್ನ ಇಂಗ್ಲಿಷ್! ವಾರ್ಡನ್ ಎದುರು ಮಾತ್ರ ಓಡುವ ಇಂಗ್ಲಿಷ್. ಮನೆಯಲ್ಲಿ ನನ್ನ ಕನ್ನಡಕ್ಕೆ ನಗುತ್ತಾರೆ, ಕ್ಲಾಸಿನಲ್ಲಿ ನನ್ನ ಇಂಗ್ಲಿಷಿಗೆ. ಸುಮ್ಮನಿರುವುದೊಂದೇ ನನಗೆ ಸರಿಯಾಗಿ ಬರುವ ಭಾಷೆ. ಆದರೂ ‘ಎಸ್ ಸರ್’ ಎಂದೆ.

ರೂಮಿಗೆ ಬಂದ ಮೇಲೆ ಸುಕನ್ಯಾ ಬಿಡಲಿಲ್ಲ. “ಅಂಬಿಕಾ ಮೇಡಂನೋರು ಕಲ್ಲು ಮಾತಾಡಿಸಾಕ ಹೊಂಟಾರ. ಮೊದ್ಲ ಮನಷ್ಯಾರ ಜೋಡಿ ಮಾತಾಡೂದು ಕಲೀಲೇ.”

ರಾತ್ರಿ ಊಟಕ್ಕೆ ಮೆಸ್ಸಿನ ಸಾರು ಕೂಡ ರುಚಿ ಅನ್ನಿಸಿತು.

21 ಡಿಸೆಂಬರ್, ರವಿವಾರ. ಮಸ್ಕಿ

ಅಗಸಿಯ ಪಕ್ಕ ಹೊನ್ನೂರಪ್ಪ ಅವರ ಕಿರಾಣಿ ಅಂಗಡಿ. ಹಣ್ಣು ಮೀಸೆ, ಒಳ್ಳೆಯ ಮನುಷ್ಯ. ಕೂಡಲು ಗೋಣಿಚೀಲ ಹಾಸಿಕೊಟ್ಟರು.

“ಯಾರ ಮಗಳವ್ವಾ ನೀ?”

“ಹಟ್ಟಿಯಾಕೀರೀ. ಕಾಲೇಜಿಂದ ಬಂದೀನ್ರೀ.”

ಅಷ್ಟೇ ಹೇಳಿದೆ. ಸುಳ್ಳೇನಲ್ಲ.

“ಈ ಅಗಸಿಗೆ ಒಂದು ಕಲ್ಲಿತ್ತವ್ವಾ. ಕರಿಕಲ್ಲು. ಮ್ಯಾಲ ಎರಡು ಪಾದ ಕೆತ್ತಿದ್ರು. ಒಳಗ ಹನುಮಪ್ಪ ಅದಾನಲ್ಲ, ಅವಗ ಮರ್ಯಾದಿ. ಕೆರ ಅಲ್ಲೇ ಬಿಚ್ಚಿ ಒಳಗ ಬರ್ತಿದ್ರು.”

“ಎಲ್ಲಾರೂ ಏನ್ರೀ?”

“ಹೂಂ ಮತ್ತ. ಭಯ ಭಕ್ತಿ ಇದ್ದ ಕಾಲ. ನನಗ ಆಗ ಮೀಸಿ ಚಿಗರಾಕತ್ತಿದ್ವು. ಯಾರೋ ಕಲ್ಲು ಹೊತ್ಗೊಂಡು ಹೋದ್ರು ನೋಡು, ಇವತ್ತಿಗೂ ಸಿಕ್ಕಿಲ್ಲ.”

ನಾನು ಬರೆದುಕೊಳ್ಳುತ್ತಿದ್ದವಳು ಪೆನ್ನು ನಿಲ್ಲಿಸಿದೆ. ಆ ಕಲ್ಲು ನನಗೆ ಗೊತ್ತು. ಆಯಿಯ ಬಚ್ಚಲಲ್ಲಿದೆ! ಸಣ್ಣವಳಿದ್ದಾಗ ಅದರ ಮೇಲೆಯೇ ನಿಲ್ಲಿಸಿ ನನ್ನ ಮೈ ತೊಳೆಯುತ್ತಿದ್ದಳು. ಒಂದೇ ಪಾದದ ಗುಳಿಯಲ್ಲಿ ನನ್ನ ಎರಡೂ ಕಾಲು ಹಿಡಿಸುತ್ತಿದ್ದವು. ಆಯಿ ಅರಿವೆ ಒಗೆಯುವುದೂ ಅದರ ಮೇಲೆಯೇ.

ಕೇರಿಗೆ ಓಡಿದೆ. ಆಯಿ ಮನೆಯಲ್ಲಿರಲಿಲ್ಲ, ಬುದ್ಧ ವಿಹಾರದಲ್ಲಿ ಏನೋ ಕಾರ್ಯಕ್ರಮವಂತೆ. ಬಚ್ಚಲಿಗೆ ಹೋಗಿ ಸೋಪಿನ ನೊರೆ ತೊಳೆದು ಫೋಟೋ ತೆಗೆದೆ. ಬಲಪಾದ ಚೆನ್ನಾಗಿದೆ. ಎಡಪಾದ ಅರ್ಧ ಸವೆದುಹೋಗಿದೆ. ಅಲ್ಲಿಂದಲೇ ಸರ್‌ಗೆ ಕಳಿಸಿದೆ.

ಎರಡು ನಿಮಿಷಕ್ಕೆ ಅವರೇ ಫೋನ್ ಮಾಡಿದರು. “ಶಾಬ್ಬಾಸ್ ಅಂಬಿಕಾ! ಇದಾ ನೋಡು ನಮಗ ಬೇಕಾಗಿದ್ದು.”

ಯಾರೂ ನನಗೆ ಹಾಗೆ ಶಾಬ್ಬಾಸ್ ಎಂದದ್ದು ನೆನಪಿಲ್ಲ. ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ.

22 ಡಿಸೆಂಬರ್

ಸರ್ ಕ್ಲಾಸಿನಲ್ಲಿ ಎಲ್ಲರೆದುರು ಹೇಳಿದರು. ಕಲ್ಲನ್ನು ಮತ್ತೆ ಅಗಸಿಯಲ್ಲಿ ಕೂಡಿಸುತ್ತಾರಂತೆ. ರವಿವಾರ ಗಾಡಿ ಬರುತ್ತದೆ. ಸುಕನ್ಯಾ ಕಿವಿಯಲ್ಲಿ, “ನಿಮ್ಮ ಬಚ್ಚಲ ಹಿಸ್ಟರಿ ಆತಲ್ಲಲೇ! ನಮ್ಮ ಮನ್ಯಾಗ ರುಬ್ಬೂ ಕಲ್ಲೈತಿ, ಕೇಳು ಬೇಕೇನಂತ.”

ಆಯಿಗೆ ಇನ್ನೂ ಹೇಳಿಲ್ಲ. ಶನಿವಾರ ಹೋಗಿ ಸರ್‌ಪ್ರೈಸ್ ಕೊಡುತ್ತೇನೆ.

27 ಡಿಸೆಂಬರ್, ಶನಿವಾರ. ಮಸ್ಕಿ

ಬಸ್‌ಸ್ಟ್ಯಾಂಡಿಗೆ ಆಯಿ ಬಂದಿದ್ದಳು. ವಿಹಾರದ ಕ್ಲಾಸಿನಲ್ಲಿ ಅಕ್ಷರ ಕಲಿತಾಗಿನಿಂದ ಕಣ್ಣಿಗೆ ಬಿದ್ದದ್ದನ್ನೆಲ್ಲ ಜೋರಾಗಿ ಓದುತ್ತಾಳೆ. ನಾನು ನಾಚಿಕೆಯಿಂದ ಎರಡು ಹೆಜ್ಜೆ ಮುಂದೆ ನಡೆದೆ. ಗೋಡೆಯ ಹತ್ತಿರ ನಿಂತು, “ಇ-ಲ್ಲಿ ಮೂ-ತ್ರ ಮಾ-ಡ-ಬಾ-ರ-ದು” ಎಂದು ಓದಿ, “ಬರದಾರ ನೋಡು. ಅದರ ಬುಡಕ್ಕ ನಿಂತಾ ಮಾಡಾಕತ್ಯಾರ” ಎಂದಳು. ನಿಂತಿದ್ದವನು ಅರ್ಧಕ್ಕೇ ಓಡಿದ.

ಚಹ ಕುಡಿಯುವಾಗ ವಿಷಯ ಹೇಳಿದೆ. ನಿನ್ನ ಬಚ್ಚಲ ಕಲ್ಲು ಸಾಮಾನ್ಯದ್ದಲ್ಲ ಆಯಿ, ಪಾದಶಿಲೆ, ಊರವರೆಲ್ಲ ಭಕ್ತಿಯಿಂದ ಚಪ್ಪಲಿ ಬಿಡುತ್ತಿದ್ದ ಕಲ್ಲು, ನಾಳೆ ಒಯ್ಯಲು ಬರುತ್ತಾರೆ.

ಆಯಿ ಬಟ್ಟಲು ಕೆಳಗಿಟ್ಟಳು.

“ಭಕ್ತಿ ಅಂತ ಯಾರಂದ್ರು ನಿನಗ?”

“ಕಿರಾಣಿ ಅಂಗಡಿ ಹೊನ್ನೂರಪ್ಪ ಅಂತ…”

“ಎಲ್ಲಾರೂ ಬಿಡ್ತಿದ್ರಂತ? ಗೌಡ್ರು ಕುದುರಿ ಮ್ಯಾಲ ಒಳಗ ಹೋಗ್ತಿದ್ರು. ಕುದುರಿ ನಾಲ ಬಿಚ್ಚಿಸಿದ್ರಂತೇನು?” ನಕ್ಕಳು. ಆಮೇಲೆ ನಗಲಿಲ್ಲ. “ಆ ಪಾದ ನಮ್ಮ ಕೇರಿಯವ್ರ ಸಲುವಾಗಿ ಕೆತ್ತಿದ್ದು. ಅದರಾಗ ನಿಂತು ಕೆರ ಬಿಚ್ಚಬೇಕು, ತಲಿ ಮ್ಯಾಲ ಇಟ್ಕೊಂಡು ಪ್ಯಾಟಿ ದಾಟಬೇಕು. ನಾ ಲಗ್ನ ಆಗಿ ಬಂದ ದಿನ ಹೊಸಾ ಕೆರ, ನಿಮ್ಮ ತಾತ ಕೊಡಿಸಿದ್ದು. ಬಾಸಿಂಗ ಕಟ್ಟಿದ ತಲಿ ಮ್ಯಾಲ ಆ ಕೆರಾನ ಹೊತ್ಗೊಂಡು ಈ ಊರಾಗ ಕಾಲಿಟ್ಟೆ.”

ಸ್ಕೂಲಿನಲ್ಲಿ ಇದನ್ನೆಲ್ಲ ಓದಿದ್ದೇನೆ. ಪರೀಕ್ಷೆಗೆ ಬರೆದಿದ್ದೇನೆ. ಅದು ನಮ್ಮ ಬಚ್ಚಲಲ್ಲಿದೆ ಎಂದು ಯಾರೂ ಹೇಳಿರಲಿಲ್ಲ.

“ಆಮ್ಯಾಲ ಒಂದಿನ ನಿಮ್ಮ ತಾತ, ಅವನ ಗೆಳ್ಯಾರು ಹಾಡಹಗಲ ಆ ಕಲ್ಲು ಕಿತ್ಗೊಂಡು ಬಂದ್ರು. ಒಡದು ಹಾಕ್ತೀನಿ ಅಂದ. ನಾನಾ ಬ್ಯಾಡಂದೆ. ಒಡದ್ರ ಒಂದಾ ದಿನಕ್ಕ ಮುಗೀತೈತಿ. ಬಚ್ಚಲಕ್ಕ ಹಾಕು, ದಿನಾ ಬಡೀತೀನಿ ಅಂದೆ.” ಎದ್ದು ಹೋಗಿ ಎಡಪಾದದ ಮೇಲೆ ಅಂಗೈ ಆಡಿಸಿದಳು. “ಅರ್ಧ ಹೋಗೈತಿ ನೋಡು. ನಾ ಮಾಡಿದ್ದು ಇದು. ಕೈಕಾಲು ಗಟ್ಟಿ ಇದ್ರ ಇನ್ನೊಂದೂ ಹೋಗ್ತೈತಿ.”

ಸಂಜೆ ಸರ್‌ಗೆ ಫೋನ್ ಮಾಡಿದೆ. ನಾಳೆ ಬರಬೇಡಿ ಸರ್ ಎನ್ನಬೇಕು ಎಂದು ಮೂರು ಸಲ ಬಾಯಲ್ಲೇ ಹೇಳಿ ನೋಡಿಕೊಂಡಿದ್ದೆ. ಅವರು, “ಗಾಡಿ, ಆಳು ಎಲ್ಲಾ ಗೊತ್ತು ಮಾಡಿ ಆಗ್ಯದ. ಏನರ ಪ್ರಾಬ್ಲಮ್ಮಾ?” ಎಂದರು.

“ನೋ ಸರ್” ಎಂದೆ.

28 ಡಿಸೆಂಬರ್, ರವಿವಾರ

ಜೀಪು ಕೇರಿಯೊಳಗೆ ತಿರುಗಿದಾಗ ಸರ್ ಡ್ರೈವರಿಗೆ, “ಈ ಕಡೆ ಅಲ್ಲಪಾ” ಎಂದದ್ದು ಬಾಗಿಲಲ್ಲಿ ನಿಂತ ನನಗೇ ಕೇಳಿಸಿತು. ನಾನು ಕೈ ಎತ್ತಿದೆ. ಒಂದು ಕ್ಷಣ ನನ್ನ ಮುಖ ನೋಡಿದರು, ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ನೋಡಿದರು, ಆಮೇಲೆ ಮೊದಲಿಗಿಂತ ಹೆಚ್ಚೇ ನಕ್ಕರು.

ಆಯಿ ಚಹ ತಂದಳು. ಅಸಿಡಿಟಿ ಇದೆಯಂತೆ, ಬೇಡ ಎಂದರು.

“ನೀವು ಕೊಟ್ರ ಅಗಸಿ ಉಳೀತದವಾ. ಇಲ್ಲಂದ್ರ ಜೆಸಿಬಿ ಬರ್ತದ” ಎಂದು ಕೈ ಮುಗಿದರು. ಸರ್ ಕೆಟ್ಟವರಲ್ಲ. ಅಗಸಿಗಾಗಿ ನಿಜವಾಗಿಯೂ ಓಡಾಡುತ್ತಿದ್ದಾರೆ.

ಆಯಿ ಅವರನ್ನು ನೋಡಲಿಲ್ಲ. ನನ್ನನ್ನು ಕೇಳಿದಳು. “ಬೋರ್ಡು ಬರಿಯಾಕಿ ನೀನಾ ಏನು?”

“ಹೂಂ ಆಯಿ.”

“ಇದ್ದದ್ದು ಇದ್ದಂಗ ಬರೀತಿ?”

“ಬರೀತೀನಿ.”

“ಹಂಗಾದ್ರ ಒಯ್ಯಲಿ. ಅಗಸಿ ಮುಂದಾ ಕೂಡಲಿ, ಬರೋರು ಹೋಗೋರು ಓದಲಿ. ಬಚ್ಚಲದಾಗ ನಾ ಒಬ್ಬಾಕೀನ ಓದಾಕತ್ತಿದ್ದೆ.”

ಹಾರೆ ಹಾಕಿ ಎತ್ತಿದಾಗ ಕೆಳಗಿನ ಹಸಿ ಮಣ್ಣಿನಿಂದ ಎರೆಹುಳುಗಳು ಹೊರಬಂದವು. ಆಯಿ ಆ ಗುಂಡಿಗೆ ಒಂದು ಬುಟ್ಟಿ ಬೂದಿ ಸುರಿದು ಒಳಗೆ ಹೋದಳು.

11 ಜನವರಿ 2026, ರವಿವಾರ. ಲಿಂಗಸೂಗೂರು

ಕಲ್ಲು ಕೆತ್ತುವ ಜಂಗ್ಲಿಸಾಬ್ ಅವರ ಶೆಡ್ಡಿನಲ್ಲಿ ಇಡೀ ದಿನ. ಕಿವಿಯಲ್ಲಿ ಇನ್ನೂ ಕಟಕಟ. ಕಲ್ಲನ್ನು ‘ಮೂಲ ಸ್ಥಿತಿಗೆ’ ತರುತ್ತಿದ್ದಾರೆ. ಸವೆದ ಎಡಪಾದವನ್ನು ಬಲಪಾದದ ಅಳತೆಗೆ ಮತ್ತೆ ಕೆತ್ತುವುದು.

ಇದು ನನಗೆ ಮೊದಲೇ ಗೊತ್ತಿರಲಿಲ್ಲ. ಕೇಳಿದರೆ ಸರ್, “ಡ್ಯಾಮೇಜ್ ಆಗಿದ್ದು ರಿಪೇರಿ ಮಾಡಬೇಕಲ್ಲಮ್ಮಾ” ಎಂದರು. ಡ್ಯಾಮೇಜ್ ಅಲ್ಲ ಸರ್ ಎನ್ನುವಷ್ಟರಲ್ಲಿ ಅವರಿಗೆ ಫೋನ್ ಬಂತು.

ಜಂಗ್ಲಿಸಾಬ್ ಉಳಿ ಇಡುವ ಮೊದಲು ಸವೆದ ಜಾಗ ಸವರಿದರು. “ಎಷ್ಟು ನುಣ್ಣಗ ಮಾಡ್ಯಾರ! ಯಾರ ಕೈಯವ್ವಾ ಇದು?”

ಸರ್ ಪಕ್ಕದಲ್ಲೇ ಇದ್ದರು.

“ಗೊತ್ತಿಲ್ರೀ” ಎಂದೆ.

ಮಧ್ಯಾಹ್ನ ಎಡಪಾದ ಮುಗಿಯಿತು. ಐದೂ ಬೆರಳು ಮೂಡಿ ಬಂದವು.

13 ಜನವರಿ

ಬೋರ್ಡಿನ ಕರಡು ಬರೆದು ಸರ್‌ಗೆ ಕೊಟ್ಟೆ. ಆಯಿ ಹೇಳಿದ್ದನ್ನೆಲ್ಲ ಬರೆದಿದ್ದೆ: ಕೇರಿಯವರು, ತಲೆಯ ಮೇಲಿನ ಕೆರ, ಬಾಸಿಂಗ, ಕಲ್ಲು ಹೊತ್ತು ತಂದ ತಾತನ ಹೆಸರು. ಇಂಗ್ಲಿಷಿನಲ್ಲೂ. ವ್ಯಾಕರಣವೂ ಸರಿ ಇತ್ತು.

ಸರ್ ಎರಡು ಸಲ ಓದಿದರು. ಕನ್ನಡಕ ತೆಗೆದರು.

“ಸತ್ಯ ಅದ. ನಾ ಇಲ್ಲಂತ ಅನ್ನಂಗಿಲ್ಲ. ಆದ್ರ ನೋಡು, ಪ್ಯಾಟಿ ಮಂದಿ ಸಹಿ ಇಲ್ದ ಅಗಸಿ ಉಳಿಯಂಗಿಲ್ಲ. ಇದನ್ನ ಓದಿ ಹೊನ್ನೂರಪ್ಪ ಸಹಿ ಮಾಡ್ತಾನ? ಮೊದ್ಲ ಕಟ್ಟಡ ಉಳಿಸೋಣು. ಸತ್ಯ ಎಲ್ಲಿ ಓಡಿ ಹೋಗ್ತದ?”

“ಸರ್, ನಮ್ಮ ಆಯಿಗೆ ಮಾತು ಕೊಟ್ಟೀನ್ರೀ.”

“ಸಣ್ಣದಾಗಿ ಸೇರಸು. ಪಾಸಿಟಿವ್ ಆಗಿ. ನಿನ್ನ ಹೆಸರು ರಾಜ್ಯಮಟ್ಟದ ಶಿಬಿರಕ್ಕ ಕಳಸೀನಿ, ಗೊತ್ತದಿಲ್ಲ?”

ಗೊತ್ತಿರಲಿಲ್ಲ. ಬೆಂಗಳೂರಿನಲ್ಲಂತೆ, ಒಂದು ವಾರ. ಖುಷಿಪಡಬೇಕೋ ಬೇಡವೋ ತಿಳಿಯದೆ ಲೈಬ್ರರಿಯಲ್ಲಿ ಕರಡು ಹಿಡಿದು ಕೂತಿದ್ದೆ. ಸುಕನ್ಯಾ ಬಂದು ಕರಡು ಓದಿದಳು. ಅವಳು ನಗದೇ ಇದ್ದದ್ದು ಇದೇ ಮೊದಲು. “ಇದನ್ನ ತಗೀಬ್ಯಾಡಲೇ” ಎಂದಳು. ಹೇಳುವುದು ಸುಲಭ. ಅವಳ ಹೆಸರನ್ನು ಯಾರೂ ಕರೆದಿಲ್ಲ.

17 ಜನವರಿ

ಎರಡನೇ ಕರಡು. ಬಾಸಿಂಗ ತೆಗೆದೆ. ಅದು ಪರ್ಸನಲ್ ಆಯಿತು. ತಾತನ ಹೆಸರು ತೆಗೆದೆ, ಇಲ್ಲದಿದ್ದರೆ ಕಳ್ಳತನದಂತೆ ಕಾಣುತ್ತದೆ. ‘ಕೇರಿಯವರು’ ಬದಲು ‘ಕೆಲವು ಸಮುದಾಯಗಳು’ ಎಂದು ಹಾಕಿದೆ. ‘ಸ್ಥಳೀಯ ವೃದ್ಧೆಯೊಬ್ಬರ ಪ್ರಕಾರ’ ಎಂದು ಶುರು ಮಾಡಿದ್ದೇನೆ. ಆಯಿ ಎಂದು ಬರೆಯಲಾಗುವುದಿಲ್ಲವಲ್ಲ.

21 ಜನವರಿ

ಬೋರ್ಡಿನಲ್ಲಿ ಅಷ್ಟು ಅಕ್ಷರ ಹಿಡಿಸುವುದಿಲ್ಲವಂತೆ. ಮೂರನೇ ಕರಡು ನಾಲ್ಕೇ ಸಾಲು. ಸರ್ ಒಂದೂ ಪದ ತಿದ್ದಲಿಲ್ಲ. “ಈಗ ನೋಡು ಎಷ್ಟು ಚಂದ ಆಗ್ಯದ” ಎಂದರು. ಇಂಗ್ಲಿಷ್ ಅಂತೂ ಪುಸ್ತಕದಲ್ಲಿದ್ದ ಹಾಗೆಯೇ ಇದೆ.

ಹೊನ್ನೂರಪ್ಪ ಅವರ ಅಂಗಡಿಯಲ್ಲಿ ಸಹಿ ಪಡೆದೆವು. ಸರ್ ಅಲ್ಲಿ ಎರಡು ಕಪ್ ಚಹ ಕುಡಿದರು. ಅಸಿಡಿಟಿ ಕಡಿಮೆಯಾಗಿರಬೇಕು.

30 ಜನವರಿ

ಘೋಷಣೆಯಾಯಿತು! ಅಗಸಿ ಈಗ ಸಂರಕ್ಷಿತ ಸ್ಮಾರಕ. ಜೆಸಿಬಿ ವಾಪಸ್ ಹೋಯಿತು. ಸಿಮೆಂಟು ಕೆತ್ತಿ ತೆಗೆದು ಗಾರೆ ಹಚ್ಚಿದ್ದಾರೆ. ಬಾಗಿಲ ಕಮಾನು ಈಗಷ್ಟೇ ಹಳೆಯದಾದಂತೆ ಕಾಣುತ್ತಿದೆ.

ಕಮಾನಿನ ಕೆಳಗೆ ಬಳೆ ಮಾರುತ್ತಿದ್ದ ಇಮಾಮ್‌ಬೀಯ ಡಬ್ಬಿ ಅಂಗಡಿ ಎತ್ತಿಸಿದರು. ನಮ್ಮ ಸರ್ವೆ ತಂಡದವರೇ ಕೈ ಜೋಡಿಸಿದೆವು. ಅವಳು, “ನಮ್ಮ ಅತ್ತಿ ಕಾಲದಿಂದ ಇಲ್ಲೇ ಕುಂದರ್ತೀವಿ. ನಾವು ಹಳೇವ್ರಲ್ಲೇನು?” ಎಂದು ಕೂಗಾಡಿದಳು. ಪಾಪ. ಆದರೆ ಸ್ಮಾರಕದ ಪರಿಧಿಯೊಳಗೆ ವ್ಯಾಪಾರ ಮಾಡುವಂತಿಲ್ಲ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ. ಅದನ್ನೇ ಅವಳಿಗೆ ವಿವರಿಸಿದೆ. ಈಗೀಗ ಜನರ ಎದುರು ಮಾತಾಡಲು ನನಗೆ ಮೊದಲಿನಷ್ಟು ಹೆದರಿಕೆಯಿಲ್ಲ.

ಮಸ್ಕಿಯಲ್ಲೇ ಇದ್ದರೂ ಕೇರಿಗೆ ಹೋಗಲಾಗಲಿಲ್ಲ. ಟೈಮ್ ಇರಲಿಲ್ಲ.

8 ಫೆಬ್ರವರಿ, ರವಿವಾರ

ಉದ್ಘಾಟನೆ ಚೆನ್ನಾಗಿ ನಡೆಯಿತು. ಶಾಮಿಯಾನ, ಡೊಳ್ಳು, ಪೇಟೆಯವರೆಲ್ಲ ಬಂದಿದ್ದರು. ನನಗೆ ಸಮಿತಿಯ ಬ್ಯಾಡ್ಜ್. ಬಂದವರಿಗೆ ‘ದಯವಿಟ್ಟು ಪಾದರಕ್ಷೆಗಳನ್ನು ಇಲ್ಲಿ ಕಳಚಿ’ ಎನ್ನುವುದು ನನ್ನ ಡ್ಯೂಟಿ. ಆಚರಣೆ ಮತ್ತೆ ಶುರುವಾದ ಹಾಗೂ ಆಗುತ್ತದೆ, ಫೋಟೋಗೂ ಚಂದ ಎಂದು ಸರ್ ಹೇಳಿದ್ದರು. ಮೊದಲು ಯಾರಾದರೂ ಕಲ್ಲಿನ ಮೇಲೆ ನಿಂತು ತೋರಿಸಬೇಕಿತ್ತು. “ಅಂಬಿಕಾ, ನೀನಾ ನಿಲ್ಲು” ಎಂದರು.

ಚಪ್ಪಲಿ ಬಿಚ್ಚಿ ನಿಂತೆ. ಸಣ್ಣವಳಿದ್ದಾಗ ಒಂದೇ ಪಾದದಲ್ಲಿ ಎರಡೂ ಕಾಲು ಹಿಡಿಸುತ್ತಿದ್ದವು. ಈಗ ಎರಡರಲ್ಲೂ ಸರಿಯಾಗಿ ಕೂತವು. ಎಡಪಾದದ ಹೊಸ ಕೆತ್ತನೆ ಸ್ವಲ್ಪ ಚುಚ್ಚುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬೊಬ್ಬರಾಗಿ ಬಿಚ್ಚಿದರು. ಹೊನ್ನೂರಪ್ಪ ಕೂಡ.

ಬಿಸಿಲೇರಿದ ಮೇಲೆ ಆಯಿ ಬಂದಳು. ನಾನು ಕರೆದಿರಲಿಲ್ಲ, ಹೇಗೆ ತಿಳಿಯಿತೋ. ಇಸ್ತ್ರಿ ಮಾಡಿದ ಬಿಳಿ ಸೀರೆ, ಕಾಲಲ್ಲಿ ಚಪ್ಪಲಿ. ನನ್ನನ್ನು ನೋಡಿ ನಕ್ಕಳು. ನೇರ ಬೋರ್ಡಿನ ಮುಂದೆ ಹೋಗಿ ನಿಂತು, ಅಕ್ಷರದ ಮೇಲೆ ಬೆರಳಿಟ್ಟು, ಎಂದಿನಂತೆ ಜೋರಾಗಿ ಓದತೊಡಗಿದಳು.

“ಪಾ-ದ-ಶಿ-ಲೆ. ಹನುಮ-ದೇವರಿಗೆ… ಗೌ-ರ-ವ ಸೂಚಿಸಿ… ಊರಿನ ಸ-ರ್ವ-ರೂ…”

ಅಲ್ಲಿ ನಿಂತಳು. ಬೆರಳು ಹಿಂದಕ್ಕೆ ತಂದು ಆ ಪದವನ್ನು ಮತ್ತೊಮ್ಮೆ ಓದಿದಳು. ಡೊಳ್ಳು ನಿಂತಿತ್ತು.

“ಸರ್ವರೂ… ಭ-ಕ್ತಿ-ಯಿಂದ… ಪಾದ-ರಕ್ಷೆ ಕಳ-ಚು-ತ್ತಿದ್ದ ಸ್ಥಳ.”

ಕೆಳಗೆ ಇಂಗ್ಲಿಷ್. ಅದು ಅವಳಿಗೆ ಬಾರದು. ಅದರ ಮೇಲೂ ಬೆರಳು ಆಡಿಸಿದಳು, ಇನ್ನೇನಾದರೂ ಅಲ್ಲಿ ಇದೆಯೇನೋ ಎನ್ನುವ ಹಾಗೆ.

“ನೀನಾ ಬರದ್ಯಾ?”

ಸರ್ ನನ್ನ ಕಡೆ ನೋಡುತ್ತಿದ್ದರು. ಹೌದೆಂದು ತಲೆಯಾಡಿಸಿದೆ.

“ಅಕ್ಷರ ಚಲೋ ಬಂದಾವ” ಎಂದಳು.

ಆಮೇಲೆ ನನ್ನ ಕಾಲು ನೋಡಿದಳು. ಬಹಳ ಹೊತ್ತು ನೋಡಿದಳು. “ಚಪ್ಲಿ ಹಾಕ್ಕೋ. ನೆಲ ಸುಡಾಕತ್ತೈತಿ.”

ಆ ಹೊತ್ತಿಗೆ ಸರ್ ಸನ್ನೆ ಮಾಡಿದರು. ಬೆಳಗಿನಿಂದ ಹೇಳಿ ಹೇಳಿ ಬಾಯಿಗೆ ಕೂತಿದ್ದನ್ನೇ ಹೇಳಿದೆ. “ಅಜ್ಜಿಯವರೇ, ದಯವಿಟ್ಟು ಪಾದರಕ್ಷೆಗಳನ್ನು ಇಲ್ಲಿ ಕಳಚಿ.”

ಆಯಿ ನಾನು ಯಾರೆಂದು ಗುರುತು ಹಿಡಿಯುವವಳಂತೆ ಕಣ್ಣು ಸಣ್ಣ ಮಾಡಿದಳು. ಆಮೇಲೆ ಕಲ್ಲನ್ನು ಸುತ್ತಿಹೋಗದೆ, ಅದರ ಮೇಲೆಯೇ ಚಪ್ಪಲಿಗಾಲಿಟ್ಟು ಅಗಸಿಯೊಳಗೆ ನಡೆದಳು. ಪೇಟೆಯ ಉದ್ದಕ್ಕೂ ಚಟ್ ಚಟ್ ಎನ್ನುವುದು ಕೇಳಿಸುತ್ತಿತ್ತು. ಯಾರೋ, “ಏ ಮುದಿಕಿ, ಚಪ್ಲಿ!” ಎಂದರು. ತಿರುಗಲಿಲ್ಲ.

ಸರ್, “ಹೋಗ್ಲಿ ಬಿಡು, ವಯಸ್ಸಾಗ್ಯದ” ಎಂದರು. ನನಗೂ ಹಾಗೇ ಅನ್ನಿಸಿತು.

ಶಿಬಿರಕ್ಕೆ ಆಯ್ಕೆಯಾಗಿದೆ. ವೇದಿಕೆಯಲ್ಲೇ ಹೇಳಿದರು. ಆ ಗಡಿಬಿಡಿಯಲ್ಲಿ ಚಪ್ಪಲಿ ಅಲ್ಲೇ ಮರೆತೆ. ಬಸ್ಸಿನಲ್ಲಿ ಬರಿಗಾಲಲ್ಲಿ ಬಂದೆ. ಯಾರೂ ನೋಡಲಿಲ್ಲ.

11 ಫೆಬ್ರವರಿ

ಆಯಿಯ ನೆರೆಮನೆಯ ಕನಕಮ್ಮ ಆಸ್ಪತ್ರೆಗೆಂದು ಸಿಂಧನೂರಿಗೆ ಬಂದವಳು ಹಾಸ್ಟೆಲ್ ಗೇಟಿಗೆ ಬಂದಿದ್ದಳು. ಪ್ಲಾಸ್ಟಿಕ್ ಚೀಲವೊಂದನ್ನು ಕೊಟ್ಟಳು. ನನ್ನ ಚಪ್ಪಲಿ. ಆಯಿ ಒಗೆದಿದ್ದಾಳೆ. ಪಟ್ಟಿ, ಹಿಮ್ಮಡಿ, ಅಡಿಯ ಗೀರುಗಳಲ್ಲಿ ಕೂಡ ಮಣ್ಣಿಲ್ಲ. ಕೊಂಡಾಗಲೂ ಇಷ್ಟು ಸ್ವಚ್ಛ ಇರಲಿಲ್ಲ.

“ಆಯಿ ಏನರ ಹೇಳಿದ್ಲೇನು?”

“ಏನೂ ಹೇಳಿಲ್ಲವ್ವಾ. ಹಾಕ್ಕೊಳ್ಳಾಕ ಹೇಳು ಅಂದ್ಲು, ಅಷ್ಟಾ.”

ಹೊರಟವಳು ತಿರುಗಿ ನಿಂತು, “ನಮ್ಮ ಮನ್ಯಾಗ ಬಂದು ಒಗೀತಾಳವ್ವಾ ಈಗ. ಅಕಿ ಬಚ್ಚಲದಾಗ ಕಲ್ಲಿಲ್ಲಲ್ಲ” ಎಂದಳು.

ಲಿಂಗಸೂಗೂರಿನಲ್ಲಿ ಒಗೆಯುವ ಕಲ್ಲು ಸಿಗುತ್ತವೆ. ಒಂದು ಕೊಡಿಸಬೇಕು. ಏನೂ ಕೆತ್ತಿಲ್ಲದ್ದು.

ಚಪ್ಪಲಿ ಇನ್ನೂ ಹಸಿಯಿದ್ದವು. ಕಿಟಕಿಯಲ್ಲಿಟ್ಟು, ಸುಕನ್ಯಾಳದ್ದು ಹಾಕಿಕೊಂಡು ಕ್ಲಾಸಿಗೆ ಹೋದೆ.

14 ಫೆಬ್ರವರಿ

ಚಪ್ಪಲಿ ಒಣಗಿವೆ, ಇನ್ನೂ ಕಿಟಕಿಯಲ್ಲೇ ಇವೆ. ಸುಕನ್ಯಾ ತನ್ನ ಚಪ್ಪಲಿ ವಾಪಸ್ ಕೇಳುತ್ತಿದ್ದಾಳೆ.